ಹೆರಿಗೆ ಕೋಣೆಯ ಗೋಡೆ

ಆಸ್ಪತ್ರೆಗಳ ನಕ್ಷೆ ಬರೆದು ಬರೆದೇ ನನ್ನ ತಲೆ ನರೆತಿದೆ. ವಾಸ್ತುವಿನವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ ಎಂದು ಆಫೀಸಿನಲ್ಲಿ ಎಲ್ಲರೂ ಆಡಿಕೊಳ್ಳುತ್ತಾರೆ. ಅವರನ್ನು ಕಂಡರೆ ಅಲ್ಲ, ಎಲ್ಲ ಗೊತ್ತಿದ್ದೂ ಬಾಯಿ ಮುಚ್ಚಿಕೊಂಡು ಕೂರುವವರನ್ನು ಕಂಡರೆ ಉರಿಯುತ್ತದೆ.

ಚಿಂತಾಮಣಿಯಿಂದ ಕೈವಾರಕ್ಕೆ ಹೋಗುವ ರಸ್ತೆಯ ಪಕ್ಕ ಒಬ್ಬ ಯಜಮಾನರು ಸ್ವಂತ ಹೊಲದಲ್ಲಿ ಆಸ್ಪತ್ರೆ ಕಟ್ಟಿಸಲು ಹೊರಟಿದ್ದರು, ಡಾಕ್ಟರ್ ಓದಿ ಬಂದ ಮಗನಿಗಾಗಿ. ನನ್ನ ಮೊದಲ ನಕ್ಷೆಯಲ್ಲಿ ಹೆರಿಗೆ ಕೋಣೆಗೂ ಆಪರೇಷನ್ ಥಿಯೇಟರಿಗೂ ನಡುವೆ ಒಂದೇ ಗೋಡೆ, ಅದರಲ್ಲೊಂದು ಅಗಲವಾದ ಬಾಗಿಲು. ಹೆರಿಗೆ ಕಷ್ಟವಾದರೆ ತಾಯಿಯನ್ನು ಆ ಬಾಗಿಲಲ್ಲಿ ತಳ್ಳಿಕೊಂಡು ಹೋದರಾಯಿತು. ಇದರಲ್ಲಿ ದೊಡ್ಡ ವಿದ್ಯೆಯೇನೂ ಇಲ್ಲ.

ಆಂಧ್ರದ ಕಡೆಯಿಂದ ಬಂದ ವಾಸ್ತು ಪಂಡಿತ ಪೆನ್ನಿನ ಒಂದೇ ಗೀಟಿನಲ್ಲಿ ಅದನ್ನು ಹೊಡೆದುಹಾಕಿದ. ಥಿಯೇಟರ್ ಆಗ್ನೇಯ ಮೂಲೆಗೆ, ಹೆರಿಗೆ ವಾಯವ್ಯಕ್ಕೆ, ನಡುವೆ ಬ್ರಹ್ಮಸ್ಥಾನ, ಯಾರೂ ತುಳಿಯಬಾರದ ಬಯಲು ಅಂಗಳ. ಅಂದರೆ ರಕ್ತ ಸುರಿಯುತ್ತಿರುವ ಹೆಂಗಸು ಅಂಗಳವನ್ನೆಲ್ಲ ಸುತ್ತಿಕೊಂಡು ಬರಬೇಕು!

"ನೀವು ಗೆರೆ ಹಾಕಿ ಸಾಕು ಮೇಡಂ, ಮಿಕ್ಕಿದ್ದು ನಾವ್ ನೋಡ್ಕೋತೀವಿ," ಅಂದರು ಯಜಮಾನರು.

ನಾನು ಮಗನ ಮುಖ ನೋಡಿದೆ. ಹೆರಿಗೆಯಲ್ಲಿ ಒಂದೊಂದು ನಿಮಿಷವೂ ಏನೆಂದು ಓದಿ ಕಲಿತವನು ಅವನು. ಮೊಬೈಲಿನ ಗಾಜು ಒರೆಸುತ್ತ ಕೂತಿದ್ದ. ಥೂ!

ಗೆರೆ ತಾನೆ? ಹಾಕಿಸಿದೆ. ಭೂಮಿಪೂಜೆಯ ಬೆಳಿಗ್ಗೆ ಆ ಹೊಲದಲ್ಲೇ ಪಂಡಿತನ ನಕ್ಷೆಯನ್ನು ನಿಜವಾದ ಅಳತೆಯಲ್ಲಿ ಸುಣ್ಣದ ಪುಡಿಯಿಂದ ಬರೆಸಿದೆ. ತರಕಾರಿಯವನ ತಳ್ಳುಗಾಡಿ ತರಿಸಿ ಅದರ ಮೇಲೆ ಒಂದು ರಾಗಿ ಮೂಟೆ ಹಾಕಿಸಿದೆ. "ಇದೇ ಪೇಷೆಂಟು. ಹೆರಿಗೆ ಕೋಣೆಯಿಂದ ಥಿಯೇಟರಿಗೆ ತಳ್ಳಿ, ನೋಡೋಣ," ಅಂದೆ. ನೆಂಟರೆಲ್ಲ ನಕ್ಕರು. ಇಬ್ಬರು ಆಳುಗಳು ತಳ್ಳಿದರು. ಎರಡನೆಯ ತಿರುವಿನಲ್ಲಿ ಗಾಡಿ ತಿರುಗಲಿಲ್ಲ. ಹಿಂದಕ್ಕೆಳೆದು ಮುಂದಕ್ಕೆ ನೂಕಿ ಗೋಡೆಯ ಗೆರೆಯನ್ನೇ ಅಳಿಸಿದರು.

"ನೋಡ್ಕೊಳ್ಳಿ, ನಿಮ್ಮ ಬಸುರಿ ಇಲ್ಲೇ ಸತ್ತಳು," ಅಂದೆ, ಎಲ್ಲರಿಗೂ ಕೇಳುವ ಹಾಗೆ.

"ಬಿಡ್ತು ಅನ್ನಿ ಮೇಡಂ, ಬಿಡ್ತು ಅನ್ನಿ!" ಯಜಮಾನರು ಕೂಗಿದರು. "ಅಟ್ಲಾ ಅನಕೂಡದಮ್ಮಾ," ಹಾಗೆ ಅನ್ನಬಾರದು ಎಂದು ಪಂಡಿತ ತೆಲುಗಿನಲ್ಲೇ ಅಂದು ಕಿವಿ ಮುಚ್ಚಿಕೊಂಡ. ಅವರೆಲ್ಲ ತಿರುಗಿ ನೋಡಿದ ಕಡೆ ನಾನೂ ನೋಡಿದೆ. ಆರತಿ ತಟ್ಟೆ ಹಿಡಿದು ಅವರ ಸೊಸೆ, ಆ ಡಾಕ್ಟರನ ಹೆಂಡತಿ, ನಿಂತಿದ್ದಳು. ತುಂಬು ಬಸುರಿ. ನನ್ನ ನಾಲಿಗೆ ಸೇದಿಹೋಗಬಾರದೇ ಅನ್ನಿಸಿತು.

ಅವಳು ತಟ್ಟೆಯನ್ನು ಕೆಳಗಿಟ್ಟು ಗಾಡಿಯ ಹತ್ತಿರ ಬಂದಳು. ಅಳಿಸಿದ ಗೆರೆಯನ್ನು ನೋಡಿದಳು. ಮಾವನನ್ನು ಕೇಳಲಿಲ್ಲ, ಗಂಡನನ್ನು ಕೇಳಿದಳು: "ನಾನೇ ಆಗಿದ್ರೆ ನನ್ನ ಯಾವ್ ಕಡೆಯಿಂದ ತಳ್ಕೊಂಡ್ ಹೋಗ್ತಿದ್ರಿ? ಹೇಳ್ರೀ, ನೀವು ಡಾಕ್ಟ್ರಲ್ವಾ?"

ಅವನು ನೆಲ ನೋಡುತ್ತಲೇ ಅಪ್ಪನಿಗೆ ಹೇಳಿದ. "ಮೇಡಂ ಹೇಳಿದ್ದೇ ಸರಿ ಕಣಪ್ಪ."

ಯಜಮಾನರು ಸೊಸೆಯನ್ನು ಗಾಡಿಯಿಂದ ಈಚೆಗೆ ಕರೆದರು. "ಗೋಡೆ ಮೇಡಂ ಹೇಳ್ದಂಗೇ ಇರ್ಲಿ. ಆದ್ರೆ ಅವರು ಮಾತ್ರ ಇನ್ನೊಂದ್ ಸಲ ಈ ಜಾಗಕ್ಕೆ ಕಾಲಿಡಬಾರ್ದು," ಅಂದರು.

ಬೇರೆಯವರು ಆ ಆಸ್ಪತ್ರೆ ಕಟ್ಟಿದರು. ನನ್ನ ಬಾಗಿಲು ಅಲ್ಲೇ ಇದೆಯಂತೆ. ಪಂಡಿತನ ಮೇಲೆ ನನಗೀಗ ಸಿಟ್ಟಿಲ್ಲ, ಯಜಮಾನರ ಮೇಲೂ ಇಲ್ಲ. ಆ ಮಗನ ಮೇಲಿನದು ಮಾತ್ರ ಇಳಿದಿಲ್ಲ. ಆ ಒಂದು ಮಾತನ್ನು ಅವನು ಮೊದಲೇ ಆಡಿದ್ದರೆ, ಆ ಹುಡುಗಿಯ ಎದುರು ನಾನು ಸಾವಿನ ಮಾತು ಆಡುತ್ತಿರಲಿಲ್ಲ.