ಮೊದಲ ಚಿಟಿಕೆ ತಿಪ್ಪೇರುದ್ರಮ್ಮನ ನಾಲಿಗೆಗೆ

ಚಳ್ಳಕೆರೆ ಬಸ್ ನಿಲ್ದಾಣದ ಗೋಡೆಗೆ ಬಿಸಿಲು ಇನ್ನೂ ಬಿದ್ದಿಲ್ಲ. ದೊಡ್ಡಉಳ್ಳಾರ್ತಿಯಿಂದ ಬಂದ ಮೊದಲ ಬಸ್ಸಿನಿಂದ ಒಂದು ಬುಟ್ಟಿ ಇಳಿಯುತ್ತದೆ, ಆಮೇಲೆ ಇನ್ನೊಂದು, ಕೊನೆಗೆ ತಿಪ್ಪೇರುದ್ರಮ್ಮ. ಬೇವಿನ ಮರದ ಬುಡದಲ್ಲಿ ಗೋಣಿಚೀಲ ಹಾಸಿ, ಖಡಕ್ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ಬೆಲ್ಲದ ಉಂಡೆ ಎಲ್ಲವನ್ನೂ ಹೊಂದಿಸಿಟ್ಟು ಸೆರಗು ಸಿಕ್ಕಿಸಿಕೊಳ್ಳುವಷ್ಟರಲ್ಲಿ ಮೊದಲ ಗಿರಾಕಿ ಬಂದು ನಿಂತಾಗಿದೆ. ಕೈಯಲ್ಲಿ ಮೊಳಕಾಲ್ಮೂರು ಸೀರೆಯ ಚೀಲ, ಕಣ್ಣು ಬಸ್ಸಿನ ಬೋರ್ಡಿನ ಮೇಲೆ. ಅರ್ಧ ಕೆ.ಜಿ. ಚಟ್ನಿಪುಡಿ ಬೇಕಂತೆ, ಬೇಗ ಬೇಕಂತೆ.

ಬೇಗ ಎಂಬುದು ತಿಪ್ಪೇರುದ್ರಮ್ಮನ ಹತ್ತಿರ ನಡೆಯುವುದಿಲ್ಲ. ಪುಡಿಯನ್ನು ಪೊಟ್ಟಣಕ್ಕೆ ಸುರಿಯುತ್ತಾಳೆ, ಅದರಿಂದಲೇ ಒಂದು ಚಿಟಿಕೆ ತೆಗೆದು ತನ್ನ ನಾಲಿಗೆಗೆ ಹಾಕಿಕೊಳ್ಳುತ್ತಾಳೆ, ಕಣ್ಣು ಮುಚ್ಚುತ್ತಾಳೆ, ಆಮೇಲಷ್ಟೇ ದಾರ ಸುತ್ತುತ್ತಾಳೆ. ಇನ್ನೊಂದು ಪೊಟ್ಟಣ ಬೇಕೆಂದರೆ ಮತ್ತೆ ಅದೇ ಶಾಸ್ತ್ರ. ಒಂದೇ ಡಬ್ಬಿಯ ಪುಡಿಗೆ ಹತ್ತು ಸಲ ಪರೀಕ್ಷೆ ಯಾಕೆ ಎಂದು ರೇಗುವವರಿದ್ದಾರೆ, ಬಸ್ಸು ತಪ್ಪಿಸಿಕೊಂಡವರೂ ಇದ್ದಾರೆ. ತಪ್ಪಿಸಿಕೊಂಡವರಿಗೆ ಮುಂದಿನ ಬಸ್ಸು ಬರುವತನಕ ಪುಕ್ಕಟೆ ಉಂಡೆ ಸಿಗುವುದರಿಂದ ಜಗಳ ಅಷ್ಟಕ್ಕೇ ನಿಲ್ಲುತ್ತದೆ.

ಐವತ್ತೈದು ದಾಟಿದ ಈಕೆ ಕುರಿ ಕಾಯುವ ಮನೆಗೆ ಸೊಸೆಯಾಗಿ ಬಂದವಳು. ಗಂಡ ಚಿಕ್ಕೀರಪ್ಪ ಮಂದೆ ಹೊಡೆದುಕೊಂಡು ಊರ ಹುಲ್ಲುಗಾವಲು ದಾಟಿ ದೂರ ಹೋದರೆ ಹದಿನೈದು ದಿನ ಮನೆಯ ಕಡೆ ಸುಳಿಯುತ್ತಿರಲಿಲ್ಲ. ಅಷ್ಟೂ ದಿನ ಬೂಸಲು ಹಿಡಿಯದ ಬುತ್ತಿ ಕಟ್ಟುವುದನ್ನು ಅತ್ತೆ ಕ್ಯಾತಮ್ಮ ಕಲಿಸಿದಳು. ಚಿಕ್ಕೀರಪ್ಪನ ಮಂಡಿ ಸೋತು ಮಂದೆ ಕರಗಿದ ಮೇಲೆ ಆ ಬುತ್ತಿಯನ್ನೇ ಬಸ್ ನಿಲ್ದಾಣಕ್ಕೆ ತಂದಳು. ಹನ್ನೆರಡು ವರ್ಷವಾಯಿತು. ಕೋಳಿ ಕೂಗುವ ಹೊತ್ತಿಗೆ ಎದ್ದು ದಿನಕ್ಕೆ ಎಂಬತ್ತು ರೊಟ್ಟಿ ಬಡಿಯುತ್ತಾಳೆ, ನಾಲ್ಕು ಸೇರು ಶೇಂಗಾ ಹುರಿಯುತ್ತಾಳೆ. ಎರಡೂ ಅಂಗೈ ಬೆಂಕಿ ಕಂಡು ಕಂಡು ದಡ್ಡುಗಟ್ಟಿವೆ.

ಊರಿನವರು ಈಕೆಯಲ್ಲಿ ಕೊಳ್ಳುವುದು ಕಡಿಮೆ. ಮದುವೆ, ಬಸುರಿಯ ಕುಬಸ ಎಂದು ಮೊಳಕಾಲ್ಮೂರಿಗೆ ಬಂದು, ಮಗ್ಗದ ಮನೆಗಳಲ್ಲಿ ಸೀರೆ ಆರಿಸಿ, ಊರಿಗೆ ಹೊರಟವರೇ ಗಿರಾಕಿಗಳು.

“ಸೀರೆಗಾದ್ರೆ ಎರಡು ದಿನ ಕುಂತು ಆರಿಸ್ತಾರೆ. ನನ್ ತಾವ ಬರಾದು ಕೊನೇ ದಿನ, ಡ್ರೈವರ್ರು ಹಾರ್ನ್ ಹೊಡೆಯಾವಾಗ,” ಎಂದು ಮೊನ್ನೆಮೊನ್ನೆಯತನಕ ನಗುತ್ತಿದ್ದಳು. “ಪೊಟ್ಟಣ ಬಿಚ್ಚಾದು ಯಾವ ಊರಾಗೋ, ಯಾವ ಮನ್ಯಾಗೋ. ಕಟ್ಟಾದಷ್ಟೇ ನಂದು. ಬಿಚ್ಚಿದಾಗ ಅವರ ಮುಖ ಹೆಂಗಾಗ್ತೈತೆ ಅಂತ ಒಂದಿನಾನೂ ನೋಡಿಲ್ಲ.”

ಆ ಮುಖ ನೋಡುವ ಆಸೆಯ ಹಿಂದೆ ಮೂರು ವರ್ಷದ ಒಂದು ಸಂಕಟವಿತ್ತು.

ಮೂರು ವರ್ಷದ ಹಿಂದೆ ಪೊಟ್ಟಣಗಳನ್ನು ಮನೆಯಲ್ಲೇ ಕಟ್ಟಿ ತರುತ್ತಿದ್ದಳು. ಕಾರ್ತೀಕದ ಒಂದು ಬೆಳಿಗ್ಗೆ ಅನ್ನಪೂರ್ಣಮ್ಮ ಎಂಬ ಹೆಂಗಸು ಬಂದರು. ಪುಣೆಯಲ್ಲಿರುವ ಬಸುರಿ ಮಗಳ ಕುಬಸಕ್ಕೆ ಮೊಳಕಾಲ್ಮೂರಿನಲ್ಲಿ ನವಿಲುಬಣ್ಣದ ಸೀರೆ ಕೊಂಡು, ಅಲ್ಲಿಂದ ನೇರ ಪುಣೆಗೆ ಹೊರಟಿದ್ದರು. ಮಗಳಿಗೆ ಬಾಯಿ ಕೆಟ್ಟು ಏನೂ ಸೇರುತ್ತಿಲ್ಲ, ನಮ್ಮ ಕಡೆಯ ಶೇಂಗಾ ಚಟ್ನಿಪುಡಿ ಬೇಕೆಂದು ಒಂದೇ ಹಟ ಹಿಡಿದಿದ್ದಾಳೆ ಎಂದರು. ತಿಪ್ಪೇರುದ್ರಮ್ಮ ಅವರನ್ನು ಪಕ್ಕದಲ್ಲೇ ಕೂರಿಸಿಕೊಂಡಳು. ಚೀಲ ಬಿಚ್ಚಿಸಿ ಸೀರೆ ನೋಡಿದಳು, ಸೆರಗು ಸವರಿದಳು, ಇರುವುದರಲ್ಲೇ ದೊಡ್ಡ ಪೊಟ್ಟಣ ಆರಿಸಿ ಕೊಟ್ಟಳು.

ಸಂಜೆ ಮನೆಗೆ ಹೋಗಿ ಎಮ್ಮೆಯ ಬಾನಿಗೆ ಹಿಂಡಿಪುಡಿ ಸುರಿದಾಗ ಎಮ್ಮೆ ಮೂತಿ ಇಟ್ಟದ್ದೇ ಸೀನಿ ಹಿಂದೆ ಸರಿಯಿತು. ಬಾನಿಯಲ್ಲಿದ್ದದ್ದು ಖಾರದ ಚಟ್ನಿಪುಡಿ. ಶೇಂಗಾದಿಂದ ಎಣ್ಣೆ ತೆಗೆದ ಮೇಲೆ ಉಳಿಯುವ ಹಿಂಡಿಯನ್ನು ಅಂದು ಬೆಳಿಗ್ಗೆ ಎಣ್ಣೆ ಮಿಲ್ಲಿನಿಂದ ತಂದು, ಅಂಥದೇ ಹಳೆಯ ಪೇಪರಿನಲ್ಲಿ ಕಟ್ಟಿ ಅದೇ ಬುಟ್ಟಿಗೆ ಹಾಕಿದ್ದಳು. ದೊಡ್ಡದೆಂದು ಪ್ರೀತಿಯಿಂದ ಆರಿಸಿ ಕೊಟ್ಟದ್ದು ಅದನ್ನೇ.

ಯಾರಿಗೆ ಗೊತ್ತಾಗುತ್ತೆ, ಚೆಲ್ಲಿಬಿಡುತ್ತಾರೆ, ಉಣ್ಣು ಎಂದ ಚಿಕ್ಕೀರಪ್ಪ. ಆಕೆ ಉಣ್ಣಲಿಲ್ಲ. “ಅವರೇನೋ ಚೆಲ್ತಾರೆ. ಆ ಹುಡುಗಿ ಬಾಯಿಗೆ ಏನು ಕೊಡ್ತಾರೆ?” ಎಂದಳಂತೆ.

ಮರುದಿನ ಆಕೆ ಅಂಗಡಿ ಹಾಕಲಿಲ್ಲ. ಚಟ್ನಿಪುಡಿ ಹಿಡಿದುಕೊಂಡು ಮೊಳಕಾಲ್ಮೂರಿನ ಬಸ್ಸು ಹತ್ತಿದಳು. ವಿಳಾಸ ಗೊತ್ತಿಲ್ಲ, ಅಕ್ಷರ ಬರುವುದಿಲ್ಲ, ಕಣ್ಣಲ್ಲಿ ಉಳಿದದ್ದು ಆ ನವಿಲುಬಣ್ಣ ಮತ್ತು ಅಂಚಿನ ರುದ್ರಾಕ್ಷಿ ಚಿತ್ತಾರ ಮಾತ್ರ. ಮಗ್ಗದ ಸದ್ದು ಕೇಳಿದ ಮನೆಗೆಲ್ಲ ನುಗ್ಗಿ ಅಂಥ ಸೀರೆ ಮಾರಿದಿರಾ ಎಂದು ವಿಚಾರಿಸಿದಳು. ಕೆಲವರು ನಕ್ಕರು, ಕೆಲವರು ಮಜ್ಜಿಗೆ ಕೊಟ್ಟರು. ಮಧ್ಯಾಹ್ನ ಇಳಿಯುವ ಹೊತ್ತಿಗೆ ಜಂಬುಲಿಂಗಪ್ಪ ಎಂಬ ನೇಕಾರರ ಮನೆಯಲ್ಲಿ ಅದೇ ನವಿಲುಬಣ್ಣದ ನೂಲು ಮಗ್ಗದ ಮೇಲೆ ಕಂಡಿತು. ಆ ಸೀರೆಗೆ ಒಪ್ಪುವ ಕುಬಸದ ಕಣ, ರವಿಕೆಯ ಬಟ್ಟೆ, ಮುಗಿದಿರಲಿಲ್ಲ. ನೇಯ್ದು ಅಂಚೆಯಲ್ಲಿ ಕಳಿಸುತ್ತೇನೆಂದು ಅವರು ಪುಣೆಯ ವಿಳಾಸ ಬರೆಸಿಕೊಂಡಿದ್ದರು.

ಕಣದ ಜೊತೆಗೇ ಪುಡಿಯನ್ನೂ ಕಳಿಸಿ ಎಂದು ತಿಪ್ಪೇರುದ್ರಮ್ಮ ಕೈ ಮುಗಿದಳು. ಜಂಬುಲಿಂಗಪ್ಪ ಹೌಹಾರಿದರು.

“ಏಮಮ್ಮಾ, ಎಣ್ಣೆ ಬಿಡೋ ಪುಡಿ ರೇಷ್ಮೆ ಜತಿಗೆ ಹಾಕ್ತಾರಾ? ಕಣ ಕೆಟ್ರೆ ನನ್ ಮರ್ಯಾದೆ ಹೋಗ್ತೈತೆ.”

“ನಂದು ಆಗ್ಲೇ ಹೋಗೈತಣ್ಣ.”

ಜಂಬುಲಿಂಗಪ್ಪ ಮಗ್ಗ ಬಿಟ್ಟು ಎದ್ದರು. ಒಳಗಿನಿಂದ ಬಿಗಿ ಮುಚ್ಚಳದ ತಗಡಿನ ಡಬ್ಬಿ ತಂದು, ಪುಡಿ ತುಂಬಿಸಿ, ಬಟ್ಟೆ ಸುತ್ತಿ ತಾವೇ ಹೊಲಿಗೆ ಹಾಕಿದರು. ಅದನ್ನು ಬೇರೆಯೇ ಪಾರ್ಸಲ್ ಮಾಡಿ ವಿಳಾಸ ಬರೆದರು. ಮೊದಲು ಕೊಟ್ಟದ್ದು ಎಮ್ಮೆಯದು, ಹುಡುಗಿಗೆ ಕೊಡಬೇಡಿ, ತಪ್ಪಾಯಿತು ಎಂಬ ಚೀಟಿಯನ್ನು ಆಕೆ ಹೇಳಿದಂತೆ ಬರೆದು ಸೇರಿಸಿದರು.

ಉತ್ತರ ಬರಲಿಲ್ಲ. ಡಬ್ಬಿ ಮುಟ್ಟಿತೋ ಇಲ್ಲವೋ, ಹುಡುಗಿ ತಿಂದಳೋ ಇಲ್ಲವೋ ತಿಳಿಯಲಿಲ್ಲ. ಅಂದಿನಿಂದ ಪೊಟ್ಟಣ ಮನೆಯಲ್ಲಿ ಕಟ್ಟುವುದು ನಿಂತಿತು, ಗಿರಾಕಿಯ ಎದುರಿನ ಚಿಟಿಕೆ ಶುರುವಾಯಿತು. ಸೀರೆ ಚೀಲ ಹಿಡಿದ ಪ್ರತಿ ಹೆಂಗಸಿನ ಮುಖದಲ್ಲೂ ಅನ್ನಪೂರ್ಣಮ್ಮನನ್ನು ಹುಡುಕುವುದೂ ಶುರುವಾಯಿತು.

ಮೊನ್ನೆಯ ಕಾರ್ತೀಕದಲ್ಲಿ ಬಂದವಳು ಅನ್ನಪೂರ್ಣಮ್ಮನಲ್ಲ. ಸೊಂಟದ ಮೇಲೆ ಕೂಸು, ಹೆಗಲಿಗೆ ಸೀರೆಯ ಚೀಲ, ಚಿತ್ರದುರ್ಗದ ಬಸ್ಸಿಗೆ ಹೊರಟ ಒಬ್ಬ ಹುಡುಗಿ. ತಿಪ್ಪೇರುದ್ರಮ್ಮ ಪುಡಿ ಸುರಿದು ಚಿಟಿಕೆ ಎತ್ತುತ್ತಿದ್ದಂತೆ ಹುಡುಗಿ ಆಕೆಯ ಮಣಿಕಟ್ಟು ಹಿಡಿದಳು.

“ರುಚಿ ನೋಡೋದು ಬ್ಯಾಡಮ್ಮ. ಹಂಗೇ ಕಟ್ಟಿಕೊಡ್ರಿ. ನಾನು ಶಿಲ್ಪ, ಅನ್ನಪೂರ್ಣಮ್ಮನ ಮಗಳು. ಪುಣೆಯಾಕಿ.”

ನಿಂತಲ್ಲೇ ಎಲ್ಲ ಹೇಳಿದಳು. ಡಬ್ಬಿ ಕುಬಸದ ದಿನವೇ ಮುಟ್ಟಿತ್ತು. ಅಷ್ಟರಲ್ಲಿ ಅವಳ ಮಾವ ಎಮ್ಮೆಯ ಹಿಂಡಿಪುಡಿಗೆ ಉಪ್ಪು ಬೆರೆಸಿ, ಮೊಸರು ಕಲಸಿ, ನಿಮ್ಮ ಕಡೆ ಖಾರ ಕಡಿಮೆ ಎಂದು ಅರ್ಧ ಪೊಟ್ಟಣ ಮುಗಿಸಿದ್ದರು. ಡಬ್ಬಿಯನ್ನು ಅವಳು ಮಂಚದ ಕೆಳಗೆ ಬಚ್ಚಿಟ್ಟುಕೊಂಡು, ಬಿಸಿ ಅನ್ನಕ್ಕೆ ಕಲಸಿ, ಎಷ್ಟೋ ದಿನದ ಮೇಲೆ ಹೊಟ್ಟೆ ತುಂಬ ಉಂಡಿದ್ದಳು. ಬೇವಿನ ಮರದ ಅಮ್ಮ, ಬಸ್ ನಿಲ್ದಾಣ, ಚಳ್ಳಕೆರೆ ಎಂದು ವಿಳಾಸ ಬರೆದು ಅವಳು ಹಾಕಿದ ಕಾಗದ ಮಾತ್ರ ಹಿಂದಕ್ಕೆ ಬಂದಿತ್ತು.

ತಿಪ್ಪೇರುದ್ರಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮಣಿಕಟ್ಟನ್ನು ಮೆಲ್ಲಗೆ ಬಿಡಿಸಿಕೊಂಡು ಚಿಟಿಕೆಯನ್ನು ನಾಲಿಗೆಗೆ ಹಾಕಿಕೊಂಡೇಬಿಟ್ಟಳು.

“ನಂಬಿಕೆ ನಿಂದು ತಾಯಿ. ಮರೆವು ನಂದಲ್ವಾ,” ಎಂದು ದಾರ ಸುತ್ತಿ ಗಂಟು ಹಾಕಿ ಕೊಟ್ಟಳು.

ಚಿತ್ರದುರ್ಗದ ಬಸ್ಸು ಹಾರ್ನ್ ಹೊಡೆಯಿತು. ಶಿಲ್ಪ ಕೂಸನ್ನು ಇಳಿಸಿ ಗೋಣಿಚೀಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು. ಬುಟ್ಟಿಯಿಂದ ಒಂದು ರೊಟ್ಟಿ ಎತ್ತಿಕೊಂಡು, ಈಗ ತಾನೇ ಹಾಕಿದ ಗಂಟನ್ನು ಅಲ್ಲೇ, ಆಕೆಯ ಕಣ್ಣೆದುರಿಗೇ ಬಿಚ್ಚಿದಳು. ಬಸ್ಸು ಹೊರಟುಹೋಯಿತು. ತಿಪ್ಪೇರುದ್ರಮ್ಮ ಕಾಯುತ್ತಿದ್ದ ಗಿರಾಕಿಗಳಿಗೆ ಸ್ವಲ್ಪ ಇರ್ರಿ ಎಂದು ಕೈ ಮಾಡಿ, ಶಿಲ್ಪ ಉಣ್ಣುವುದನ್ನು ನೋಡುತ್ತ ಕೂತಳು.