ಸೂಜಿ ಬೀಳದ ಊರು

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಉಡುಪಿಯ ಪೊಲೀಸ್ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದೆ. ಠಾಣೆಗಳಿಂದ ಬಂದ ದೂರುಗಳನ್ನು ಓದಿ ಗೋಡೆಯ ನಕ್ಷೆಗೆ ಗುಂಡುಸೂಜಿ ಚುಚ್ಚುವುದು ನನ್ನ ಪಾಲಿನ ಕೆಲಸ. ಕಳ್ಳತನಕ್ಕೆ ಕೆಂಪು ತಲೆಯದು, ಹೊಡೆದಾಟಕ್ಕೆ ನೀಲಿ, ಕೊಲೆಗೆ ಕಪ್ಪು. ವರ್ಷ ಮುಗಿಯುವಾಗ ಕಾರ್ಕಳದ ಪೇಟೆ, ಮಣಿಪಾಲದ ಗುಡ್ಡ, ಕಾಪುವಿನ ಬಸ್ ನಿಲ್ದಾಣ ಎಲ್ಲ ಸಿಡುಬು ಎದ್ದ ಮುಖದ ಹಾಗೆ ಕಾಣುತ್ತಿದ್ದವು.

"ಗುಮಾಸ್ತರೇ, ನಿಮ್ಮ ಸೂಜಿ ನೋಡಿಯೇ ಕಳ್ಳರು ಓಡುತ್ತಾರೆ, ನಮಗೆ ಲಾಠಿ ಎಂತಕ್ಕೆ?" ಎಂದು ಹೆಡ್ ಕಾನ್‌ಸ್ಟೇಬಲ್ ಹಂಗಿಸುತ್ತಿದ್ದರು. ನನಗೆ ಮಾತ್ರ ಆ ನಕ್ಷೆಯ ಮೇಲೆ ಪಂಚಾಂಗದಷ್ಟೇ ನಂಬಿಕೆ.

ಆಗ ಟೀಚರಾಗಿದ್ದ ನನ್ನ ಅಕ್ಕನಿಗೆ ಕಾಪುವಿನಿಂದ ಒಳಕ್ಕಿರುವ ಒಂದು ಹಳ್ಳಿಶಾಲೆಗೆ ವರ್ಗವಾಯಿತು. ಭಾವ ತೀರಿಹೋಗಿದ್ದರು, ಮಕ್ಕಳಿಲ್ಲ. "ಒಂಟಿ ಹೆಂಗಸು, ಎಲ್ಲಿ ಮನೆ ಹಿಡಿಯಲಿ ಮಾರಾಯ?" ಎಂದು ಕೇಳಿದಳು. ಪೇಟೆಯಲ್ಲಿ ಒಂದು ಮನೆ ಇತ್ತು, ಶಾಲೆಯ ಹತ್ತಿರದ ಊರಿನಲ್ಲಿ ಇನ್ನೊಂದು. ನಕ್ಷೆ ನೋಡಿದೆ. ಆ ಊರಿನಲ್ಲಿ ಮೂರು ವರ್ಷದಿಂದ ಒಂದೇ ಒಂದು ಸೂಜಿ ಇರಲಿಲ್ಲ. "ಕಣ್ಣು ಮುಚ್ಚಿ ಅಲ್ಲಿಗೆ ಹೋಗು" ಎಂದೆ.

ಎರಡು ತಿಂಗಳ ಮೇಲೆ ಒಂದು ಭಾನುವಾರ ನೋಡಲು ಹೋದೆ. ಹಾಡಹಗಲು ಹನ್ನೊಂದು ಗಂಟೆಗೆ ದಾರಿಯ ಎಲ್ಲ ಮನೆಗಳ ಕಿಟಕಿಯೂ ಮುಚ್ಚಿತ್ತು. ಅಕ್ಕನ ಬಾಗಿಲಿಗೆ ಬೀಗ. ಬಾವಿಕಟ್ಟೆಯಲ್ಲಿ ಪಾತ್ರೆ ತಿಕ್ಕುತ್ತಿದ್ದ ನೆರೆಮನೆಯ ಅಜ್ಜಿ, ಅವಳು ದೈವಸ್ಥಾನಕ್ಕೆ ಹೋಗಿದ್ದಾಳೆ, ಈಗ ಬರುತ್ತಾಳೆ ಎಂದರು.

"ಇಲ್ಲಿ ಕಳ್ಳರ ಕಾಟ ಇಲ್ಲ ಅಲ್ವಾ ಅಮ್ಮ?" ಎಂದೆ, ಎಲ್ಲ ಗೊತ್ತಿದ್ದವನ ಹಾಗೆ.

"ಇಲ್ಲದೆ ಎಂತ ಮಗ! ನಮ್ಮ ಕೊಪ್ಪರಿಗೆ ಹೋಯಿತು. ಆಚೆ ಮನೆಯವರ ಕರು ಹೋಯಿತು. ನಿನ್ನ ಅಕ್ಕ ಇರುವ ಮನೆಯಲ್ಲಿ ಮೊದಲು ಒಬ್ಬಳು ಇದ್ದಳು, ಅವಳ ಕುತ್ತಿಗೆಯ ಸರವನ್ನೇ ಎಳೆದು..." ಅಜ್ಜಿ ಕೈಯ ಬೂದಿ ತೊಳೆದುಕೊಂಡರು. "ಪಾಪ, ಮತ್ತೆ ಅವಳಿಗೆ ಮಾತೇ ಬರಲಿಲ್ಲ."

"ಠಾಣೆಗೆ ಹೇಳಲಿಲ್ಲವಾ?"

"ಠಾಣೆಗಾ? ದೈವಕ್ಕೆ ಹೇಳಿ ಆದ ಮೇಲೆ ಪೊಲೀಸರಿಗೂ ಹೇಳಿದರೆ ದೈವದ ಮೇಲೆ ನಂಬಿಕೆ ಇಲ್ಲ ಎಂದಾಗುವುದಿಲ್ಲವಾ? ನಮ್ಮ ಊರಲ್ಲಿ ಆ ಕ್ರಮ ಇಲ್ಲ."

ನಕ್ಷೆಯ ಬಿಳಿ ಜಾಗದಲ್ಲಿ ಕಳ್ಳರಿದ್ದರು. ದೂರು ಮಾತ್ರ ಇರಲಿಲ್ಲ. ಅಲ್ಲಿಗೆ ಅಕ್ಕನನ್ನು ಕಳಿಸಿದವನು ನಾನು.

ಅಕ್ಕ ಬಂದಳು, ಹಣೆಯಲ್ಲಿ ಹಸಿ ಗಂಧ. ಕೇಳಿದ ಮೇಲೆ ಮೆಲ್ಲನೆ ಹೇಳಿದಳು. ಮೂರು ದಿನಗಳಿಂದ ದೀಪ ಹಚ್ಚುವ ಹೊತ್ತಿಗೆ ಯಾರೋ ಹೊರಗೆ ನಿಂತು "ಅಕ್ಕಾ, ಬಾಗಿಲು ತೆಗೆ" ಎಂದು ಕರೆಯುತ್ತಿದ್ದರಂತೆ. "ನಿನ್ನದೇ ಸ್ವರ ಎಂದು ಅಗುಳಿಗೆ ಕೈ ಹಾಕಿದ್ದೆ. ಬಸ್ಸಿನ ಸದ್ದೇ ಕೇಳಲಿಲ್ಲವಲ್ಲ ಎಂದು ಕೈ ನಿಂತಿತು."

"ನನಗೊಂದು ಕಾಗದ ಹಾಕಬಾರದಿತ್ತಾ?"

"ನೀನೂ ಪೊಲೀಸಿನವನೇ ಅಲ್ವಾ? ದೈವಕ್ಕೆ ಹೇಳಿ ಆಗಿದೆ."

ಅವಳ ಸೀರೆಗಳನ್ನು ನಾನೇ ಟ್ರಂಕಿಗೆ ತುಂಬಿದೆ. ಅವಳು ತಡೆಯಲಿಲ್ಲ. ಬಸ್ಸಿಗೆ ನಡೆಯುವಾಗ ಎದುರು ಸಿಕ್ಕಿದವರು ಯಾರೂ ಎಲ್ಲಿಗೆ ಎಂದು ಕೇಳಲಿಲ್ಲ. ತಿರುವಿನಲ್ಲಿ ಸೈಕಲ್ ಹಿಡಿದು ನಿಂತಿದ್ದವನೊಬ್ಬ ಮಾತ್ರ ಟ್ರಂಕ್ ನೋಡಿ ನಕ್ಕ.

"ಅಕ್ಕಾ, ಹೊರಟಿರಾ?"

ಸ್ವರ ನನ್ನದರ ಹಾಗೆಯೇ ಇತ್ತು. ಅಕ್ಕ ಉಗುರು ನಾಟುವಷ್ಟು ಬಿಗಿಯಾಗಿ ನನ್ನ ಕೈ ಹಿಡಿದಳು.