ಸಿಸ್ಟರ್ ದನಿಯಲ್ಲಿ ಬೈಲಹೊಂಗಲದವರೆಗೆ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಕಾಕಾನ ಕಾಲಿನಿಂದ ಅಷ್ಟು ರಕ್ತ ಹೋದದ್ದರಲ್ಲಿ ಅರ್ಧ ತಪ್ಪು ಕಬ್ಬು ಕಡಿಯುವ ಕೊಯ್ತಾದ್ದು, ಇನ್ನರ್ಧ ನನ್ನದು.

ನಮ್ಮ ಕಾಲೇಜಿಗೆ ಪ್ರಥಮ ಚಿಕಿತ್ಸೆ ಕಲಿಸಲು ಬೈಲಹೊಂಗಲದ ಆಸ್ಪತ್ರೆಯಿಂದ ಒಬ್ಬ ಸಿಸ್ಟರ್ ಬಂದಿದ್ದರು. ಹುಡುಗನೊಬ್ಬನ ತೋಳನ್ನು ಅರಿವೆಯಿಂದ ಒತ್ತಿ ಹಿಡಿದು ತೋರಿಸಿದರು. ಎಲ್ಲರೂ ಅವರ ಕೈ ನೋಡಿದರೆ ನಾನು ಬಾಯಿ ನೋಡಿದೆ. ಮೂಗಿನಿಂದ ಬರುವ ಗಡಸು ದನಿ, ಮಾತು ಮಾತಿಗೂ ‘ತಿಳೀತಿಲ್ಲೋ’ ಎಂಬ ಗದರಿಕೆ. ಒಂದೇ ವಾರದಲ್ಲಿ ಸಂಗೊಳ್ಳಿಯ ನಮ್ಮ ಓಣಿಗೆಲ್ಲ ನನ್ನ ಅಣಕಿನಿಂದ ಆ ದನಿ ಪರಿಚಯವಾಯಿತು. ಕಾಕಾನಿಗಂತೂ ಊಟಕ್ಕೆ ಕೂತಾಗ ಅದೇ ಬೇಕು.

ಆ ಮಧ್ಯಾಹ್ನ ಹೊಲದಲ್ಲಿ ಕೊಯ್ತಾ ಜಾರಿ ಅವನ ಮೀನಖಂಡಕ್ಕೆ ಬಿತ್ತು. ಹೆಗಲ ಮೇಲಿನ ಟವೆಲ್ ಒತ್ತಿದೆ. ಒತ್ತಿದವನು ಸುಮ್ಮನಿರಬೇಕಲ್ಲ? ನಿಂತಿತೇನೋ ಎಂದು ಎತ್ತಿ ನೋಡಿದೆ, ಚಿಮ್ಮಿತು. ಟಂಟಂ ಆಟೋಗೆ ಹತ್ತಿಸುವಾಗ ಬಾಜೂ ಹೊಲದ ಹಿರಿಯರು ಎಷ್ಟು ಆಳವಿದೆ ಎಂದರು, ಅವರಿಗೂ ತೋರಿಸಿದೆ. ಗಾಯ ಕಣ್ಣಾರೆ ನೋಡದಿದ್ದರೆ ನಮ್ಮ ಮಂದಿಗೆ ಸಮಾಧಾನವಿಲ್ಲ. ಊರ ಮುಂದೆ ಟಂಟಂ ನಿಂತಾಗ ಮೂರನೆಯ ಪ್ರದರ್ಶನ. ಯಾರೋ ಮುಷ್ಟಿ ತುಂಬ ಅರಿಶಿನ ಹಿಡಿದು ಬಂದಿದ್ದರು.

ಆಗ ಕಾಕಾನ ಮುಖ ನೋಡಿದೆ. ತುಟಿ ಸುಣ್ಣದಂತೆ ಬೆಳ್ಳಗಾಗಿತ್ತು. ಹಣೆಯ ಬೆವರು ತಣ್ಣಗಿತ್ತು. ನನ್ನನ್ನೇ ನೋಡುತ್ತ ‘ಅಣ್ಣಾ’ ಎಂದ. ಅವನ ಅಣ್ಣ, ಅಂದರೆ ನಮ್ಮಪ್ಪ, ತೀರಿಕೊಂಡು ಎರಡು ವರ್ಷವಾಗಿತ್ತು.

ಕೂಗಬೇಕೆಂದರೆ ನನ್ನ ದನಿ ಹೊರಡಲಿಲ್ಲ. ಹೊರಟದ್ದು ಸಿಸ್ಟರದ್ದು, ಮೂಗಿನಿಂದಲೇ.

“ಅರಿಶಿನ ಹಾಕಬ್ಯಾಡ್ರಿ. ಅರಿವಿ ತಗೀಬ್ಯಾಡ್ರಿ, ತೊಯ್ದ್ರ ಅದರ ಮ್ಯಾಲ ಇನ್ನೊಂದು ಇಟ್ಟು ಜೋರಾಗಿ ಒತ್ರಿ. ತಿಳೀತಿಲ್ಲೋ?”

ಯಾರೂ ನಗಲಿಲ್ಲ. ಮಂದಿ ಹಿಂದೆ ಸರಿದರು. ಹಿರಿಯರೊಬ್ಬರು ತಲೆಯ ರುಮಾಲು ಬಿಚ್ಚಿ ಕೊಟ್ಟರು. ಟವೆಲ್ ಮೇಲೆಯೇ ಅದನ್ನಿಟ್ಟು, ಮೈಭಾರವನ್ನೆಲ್ಲ ಎರಡೂ ಅಂಗೈಗೆ ಹಾಕಿದೆ. ಟಂಟಂ ಹೊರಟಿತು. ಕೈ ಜೋಮು ಹಿಡಿಯಿತು. ಕೆಳಗೆ ಹರಿಯುತ್ತಿದೆಯೋ ನಿಂತಿದೆಯೋ ಗೊತ್ತಿಲ್ಲ, ನೋಡುವಂತಿಲ್ಲ. ಕಾಕಾ ಕಣ್ಣು ಮುಚ್ಚಿದಾಗಲೆಲ್ಲ ಸಿಸ್ಟರ್ ದನಿಯಲ್ಲಿ ಗದರಿದೆ. ಅದನ್ನು ನಿಲ್ಲಿಸಿದರೆ ನನ್ನ ದನಿ ಬಂದು ಅತ್ತೇಬಿಡುತ್ತದೆಂಬ ಭಯ.

ಆಸ್ಪತ್ರೆಯಲ್ಲಿ ಎದುರಾದದ್ದು ಆ ಸಿಸ್ಟರೇ. ನನ್ನ ಕೈ ಕಿತ್ತು ತೆಗೆಯಲಿಲ್ಲ. ಅದರ ಮೇಲೆ ತಮ್ಮ ಕೈಯೂರಿ ಒತ್ತಿ, ಆಮೇಲೆ ನನ್ನದನ್ನು ಮೆಲ್ಲಗೆ ಜಾರಿಸಿದರು. ಹೊಲಿಗೆ ಹಾಕಿದರು, ರಕ್ತ ಏರಿಸಿದರು. ಕಾಕಾ ನನ್ನನ್ನು ನನ್ನ ಹೆಸರಿನಿಂದ ಕರೆದದ್ದು ಮರುದಿನ ಬೆಳಿಗ್ಗೆ.

ಮೂರನೆಯ ದಿನ ಎದ್ದು ಕೂತವನೇ ಅವರೆದುರು ನನ್ನ ಸಾಹಸವನ್ನೆಲ್ಲ ಬಿಚ್ಚಿಟ್ಟ. ಟವೆಲ್ ಎತ್ತಿದ್ದನ್ನೂ ಬಿಡಲಿಲ್ಲ. ಈಗ ಆ ದನಿ ಮಾಡಿ ತೋರಿಸು ಎಂದು ಹಟ ಹಿಡಿದ. ತಪ್ಪಿಸಿಕೊಳ್ಳಲಾಗದೆ ಮಾಡಿದೆ. ವಾರ್ಡೆಲ್ಲ ನಕ್ಕಿತು. ಸಿಸ್ಟರ್ ಸಲೈನ್ ಸರಿಪಡಿಸುತ್ತ, ತಲೆಯೆತ್ತದೆ ಹೇಳಿದರು:

“ದನಿ ನಂದ ಐತಿ ಬಿಡಪಾ. ಆದ್ರ ನಾ ಯಾವತ್ತೂ ಮೂರು ಸಲ ಎತ್ತಿ ನೋಡಿಲ್ಲ.”